ಒರಳಿಗೆ ಹೇಳಿದ ಮಾತು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕುಡಿಯಲು ನೀರು ಕೇಳುತ್ತಿದ್ದರು, ಆಮೇಲೆ ತಪ್ಪದೆ ಇದನ್ನು ಕೇಳುತ್ತಿದ್ದರು: ಇಲ್ಲಿಯ ಮಂದಿ ಯಾಕೆ ಸದಾ ತುಟಿ ಅಲ್ಲಾಡಿಸುತ್ತಿರುತ್ತಾರೆ? ಹಾಲಿನವಳು ಹಾಲು ಅಳೆಯುತ್ತಾ ಗುನುಗುತ್ತಿದ್ದಳು, ಚಪ್ಪಲಿ ಹೊಲಿಯುವವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಗುನುಗುತ್ತಿದ್ದ, ಸಾಲಿ ಮಾಸ್ತರರು ಮಕ್ಕಳಿಗೆ ಲೆಕ್ಕ ಕೊಟ್ಟು ಕಿಟಕಿಯತ್ತ ಮುಖ ಮಾಡಿ ಗುನುಗುತ್ತಿದ್ದರು. ಎಲ್ಲರೂ ತಾವು ಯಾರಿಗೋ ಕೊಟ್ಟ ಮಾತನ್ನು, ಇಲ್ಲವೇ ಯಾರಿಂದಲೋ ಪಡೆದ ಮಾತನ್ನು ಮರೆಯದಂತೆ ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಹೊಸಬರಿಗೆ ಅದು ಹುಚ್ಚರ ಊರೆನಿಸುತ್ತಿತ್ತು. ಈಗ ಅದೇ ಬೀದಿಯಲ್ಲಿ ಒಬ್ಬರ ತುಟಿಯೂ ಅಲ್ಲಾಡುವುದಿಲ್ಲ, ನನಗೆ ಇದೇ ಹುಚ್ಚೆನಿಸುತ್ತದೆ.

ಮಾತು ಕೊಡುವುದೆಂದರೆ ನಮ್ಮಲ್ಲಿ ತಿರುಳುಮನೆಗೆ ಹೋಗಿ ಕೊಡುವುದು. ಈಗ ಇಲ್ಲವಾದ ಆ ತಿರುಳುಮನೆ ಊರ ನಟ್ಟನಡುವೆ ಇತ್ತು. ಮಂದಿಗೆ ಅದರೊಳಗೆ ಹೋಗಲು ಬಾಗಿಲಿರಲಿಲ್ಲ, ಒಂದು ಕಿಂಡಿ ಮಾತ್ರ. ಎಂಥ ದೊಡ್ಡ ಮನುಷ್ಯನಾದರೂ ಆ ಕಿಂಡಿಯ ಮುಂದೆ ತಲೆ ಬಗ್ಗಿಸಿ ನಿಲ್ಲಬೇಕು. ಕಿಂಡಿಯ ಕಟ್ಟೆಯ ಮೇಲೆ ಮೊರದಲ್ಲಿ ನವಣೆ ಇಟ್ಟಿರುತ್ತಿದ್ದೆವು. ಮಾತು ಕೊಡುವವರೂ ಪಡೆಯುವವರೂ ಒಂದೇ ಕಂಬಳಿ ಹೊದ್ದುಕೊಂಡು ಆ ನವಣೆಗೆ ಬಾಯಿ ಹತ್ತಿರ ಹಿಡಿದು ಮಾತು ಹೇಳಬೇಕು, ಉಸಿರಿಗೊಂದು ಹಿಡಿ ನವಣೆಯಂತೆ. ಮೋದಿನಸಾಬ ಕಿಂಡಿಯೊಳಗೆ ಕುಳಿತು ಆ ನವಣೆಯನ್ನು ಹಿಡಿ ಹಿಡಿಯಾಗಿ ಒಳಗೆ ತೆಗೆದುಕೊಳ್ಳುತ್ತಿದ್ದ. ಒಳಗೆ ನಾವು ಹೆಂಗಸರು ಅದನ್ನು ಒರಳಿಗೆ ಹಾಕಿ ಗುಂಡುಕಲ್ಲಿನಿಂದ ಅರೆಯುತ್ತಿದ್ದೆವು. ಎಷ್ಟು ನವಣೆ ಹಾಕಿದರೂ ಕೊನೆಗೆ ಉಳಿಯುವುದು ಒಂದು ಚಿಟಿಕೆ ಪುಡಿ. ಆ ಪುಡಿಗೆ ಒಂದು ವಾಸನೆ.

ಮಾತು ಒಂದೇ ಇದ್ದರೆ ವಾಸನೆಯೂ ಒಂದೇ, ಯಾರು ಹೇಳಿದರೂ, ಯಾವಾಗ ಹೇಳಿದರೂ. ಆದರೆ ‘ಬರುತ್ತೇನೆ’ ಎನ್ನುವ ಕಡೆ ‘ಬರುವೆನು’ ಎಂದರೆ ಮುಗಿಯಿತು, ವಾಸನೆ ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು. ಮಾತಿನ ಅರ್ಥಕ್ಕೂ ವಾಸನೆಗೂ ಏನೂ ಸಂಬಂಧವಿಲ್ಲ ಅನ್ನುವುದು ಬೇರೆ. ಮದುವೆಯ ಮಾತು ಸೀಮೆಎಣ್ಣೆ ನಾರಬಹುದು, ಹಿತ್ತಲಗೋಡೆಯ ಜಗಳದ ರಾಜಿಮಾತು ಮಲ್ಲಿಗೆ ಘಮಘಮಿಸಬಹುದು. ಪುಡಿ ಮೂಸಿ ಒಳಗಿನ ಮಾತು ಹೇಳಿಬಿಡುತ್ತೇನೆ ಎಂದು ಹೊರಟವರು ಮೂಗು ಕೆಡಿಸಿಕೊಂಡರೇ ಹೊರತು ಮಾತು ಸಿಗಲಿಲ್ಲ. ಪುಡಿಯನ್ನು ಮುಚ್ಚಳದ ಕರಡಿಗೆಯಲ್ಲಿ ಹಾಕಿ ತಿರುಳುಮನೆಯ ಗೂಡಿನಲ್ಲಿ ಇಡುತ್ತಿದ್ದೆವು. ಮುಂದೆ ಯಾವಾಗಲಾದರೂ ತಕರಾರು ಬಂದರೆ ಮಾತು ಪಡೆದವರು ಅದನ್ನೇ ಮತ್ತೆ ನವಣೆಗೆ ಹೇಳಬೇಕು, ನಾವು ಮತ್ತೆ ಅರೆಯಬೇಕು, ಹೊಸ ಪುಡಿಯನ್ನೂ ಹಳೆಯ ಪುಡಿಯನ್ನೂ ಮೂಸಿ ನೋಡಬೇಕು. ಹೊಂದಿದರೆ ಮಾತು ನಿಜ. ಅಷ್ಟೇ ನ್ಯಾಯ. ಅದಕ್ಕೇ ಊರೆಲ್ಲ ಗುನುಗುತ್ತಿದ್ದದ್ದು.

ನನ್ನ ಹೆಸರು ಫಕೀರವ್ವ. ಮೈನೆರೆದ ವರ್ಷವೇ ತಿರುಳುಮನೆ ಸೇರಿದವಳು. ನನಗೆ ಕಲಿಸಿದವಳು ಸಾವಂತ್ರೆವ್ವ, ನಮ್ಮೆಲ್ಲರಿಗೂ ಹಿರಿಯಳು. ಮೊದಲ ದಿನ ಅವಳು ನನ್ನ ಎರಡೂ ಕಿವಿಗೆ ಹತ್ತಿ ತುರುಕಿದಳು. ಮಾತು ಹೇಳಿದ ನವಣೆ ಅರೆಯುವಾಗ ಪಿಸುಗುಡುತ್ತದೆ, ಅದನ್ನು ಕೇಳಿಸಿಕೊಳ್ಳುವುದು ನಮ್ಮ ಧರ್ಮವಲ್ಲ. ಎರಡನೆಯ ದಿನ ಹಾಡು ಕಲಿಸಿದಳು, ಅರವತ್ತನಾಲ್ಕು ಸಾಲಿನ ಹಾಡು, ಸಾಲಿಗೊಂದು ಸುತ್ತು. ಒರಳು ತುಂಬ ನವಣೆ, ಅದಕ್ಕೊಂದು ಇಡೀ ಹಾಡು. ಕೊನೆಯ ಒರಳು ತುಂಬದಿದ್ದರೆ ಉಪ್ಪು ಹಾಕಿ ತುಂಬಿಸಬೇಕು. ಒಂದು ಸುತ್ತು ಹೆಚ್ಚಾದರೂ ಕಡಿಮೆಯಾದರೂ ಸಾವಂತ್ರೆವ್ವನ ಕೈ ನಮ್ಮ ಬೆನ್ನ ಮೇಲೆ. ‘ಕಲ್ಲಿಗೆ ನಿನ್ನ ಬುದ್ಧಿ ಬೇಕಾಗಿಲ್ಲ, ಲೆಕ್ಕ ಬೇಕಾಗೇದ,’ ಎನ್ನುತ್ತಿದ್ದಳು. ಊರಿನ ಪುಡಿಯೆಲ್ಲ ತನ್ನ ತೋಳಿನ ಮೇಲೆ ನಿಂತಿದೆ ಎನ್ನುವ ಜಂಬ ಅವಳಿಗಿತ್ತು, ಸುಳ್ಳಲ್ಲ.

ಆ ಒಳಮನೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ನೆಲದಲ್ಲಿ ನಾಲ್ಕು ಒರಳು, ಗೋಡೆಯ ತುಂಬ ಗೂಡು, ಗೂಡಿನ ತುಂಬ ಕರಡಿಗೆ. ಕಿವಿಯಲ್ಲಿ ಹತ್ತಿ ಇದ್ದದ್ದರಿಂದ ನಮ್ಮ ಹಾಡು ನಮ್ಮ ನಮ್ಮ ತಲೆಯೊಳಗೇ ಗುಂಯ್‌ಗುಡುತ್ತಿತ್ತು. ಎದುರಿನವಳ ತುಟಿ ನೋಡಿಯೇ ಎಲ್ಲಿದ್ದಾಳೆ ಎಂದು ತಿಳಿಯಬೇಕು. ಮಧ್ಯಾಹ್ನ ಹತ್ತಿ ತೆಗೆದು ಬುತ್ತಿ ಬಿಚ್ಚಿದಾಗ ಊರಿನ ಸದ್ದೆಲ್ಲ ಒಮ್ಮೆಲೇ ಒಳಗೆ ನುಗ್ಗುತ್ತಿತ್ತು, ಆಗ ಎಲ್ಲರೂ ಕಾರಣವಿಲ್ಲದೆ ನಗುತ್ತಿದ್ದೆವು. ಮೋದಿನಸಾಬ ಮನೆಯಿಂದ ತಂದ ಉಪ್ಪಿನಕಾಯಿಯನ್ನು ನಮಗೆ ಹಂಚಿ ತಾನು ಬರೀ ರೊಟ್ಟಿ ತಿನ್ನುತ್ತಿದ್ದ. ಅಂಥ ಹಸಿವು ಆಮೇಲೆ ನನಗೆ ಆಗಲೇ ಇಲ್ಲ.

ಆ ದಿನಗಳಲ್ಲೇ ತುಳಸವ್ವ ಬಂದದ್ದು. ಬಂದಳು ಅನ್ನುವುದಕ್ಕಿಂತ ಅವಳನ್ನು ಹೊರಸಿನ ಮೇಲೆ ಹೊತ್ತು ತಂದರು ಅನ್ನಬೇಕು. ಗಂಡ ಮೊದಲೇ ತೀರಿಕೊಂಡಿದ್ದ, ಈಗ ಅವಳಿಗೂ ಸಾವು ಹತ್ತಿರ ಬಂದಿತ್ತು. ಜೊತೆಗೆ ಪಕ್ಕದ ಮನೆಯ ಇಂದ್ರವ್ವ, ಇಂದ್ರವ್ವನ ಸೊಂಟದ ಮೇಲೆ ತುಳಸವ್ವನ ಮಗಳು ಪುತಳಿ. ಆ ಕೂಸನ್ನು ಇಂದ್ರವ್ವನಿಗೆ ಒಪ್ಪಿಸುವ ಮಾತು ಅದು ಎಂದು ಊರಿಗೆಲ್ಲ ಗೊತ್ತಿತ್ತು. ಅಂಥ ಮಾತಿಗೆ ಒಂದು ಉಸಿರು ಸಾಕು. ಆದರೆ ಕಂಬಳಿಯ ಕೆಳಗೆ ತುಳಸವ್ವ ಹೇಳುತ್ತಲೇ ಹೋದಳು, ಹೇಳುತ್ತಲೇ ಹೋದಳು. ಕಿಂಡಿಯಿಂದ ಹಿಡಿ ಹಿಡಿ ನವಣೆ ಬರುತ್ತಲೇ ಇತ್ತು. ‘ಏನ್ ಪುರಾಣ ಓದಾಕ್ಹತ್ಯಾಳೊ ತಾಯಿ,’ ಎಂದು ಮೋದಿನಸಾಬ ಸನ್ನೆಯಲ್ಲೇ ಹಣೆ ಚಚ್ಚಿಕೊಂಡ. ನಾನೂ ಸಾವಂತ್ರೆವ್ವನೂ ಒರಳಿನ ಮೇಲೆ ಒರಳು ಅರೆದೆವು. ಒಂದು ಒರಳು ಮುಗಿದ ಕೂಡಲೇ ಕೈ ಬದಲಿಸಬೇಕೆನ್ನುವುದು ಕಟ್ಟಳೆ, ತೋಳು ಸೋತವಳು ಅರೆದರೆ ಲೆಕ್ಕ ತಪ್ಪುತ್ತದೆ. ಅವಳೊಂದು ಒರಳು, ನಾನೊಂದು ಒರಳು. ಮುಗಿಯುವ ಹೊತ್ತಿಗೆ ನೆತ್ತಿಯ ಮೇಲಿದ್ದ ಸೂರ್ಯ ಇಳಿದಿದ್ದ. ಪುಡಿಗೆ ಕಾದ ಹಂಚಿಗೆ ಮಜ್ಜಿಗೆ ಚೆಲ್ಲಿದರೆ ಬರುವ ವಾಸನೆ, ಅದರ ಹಿಂದೆ ಎಲ್ಲೋ ಹುಣಸೆಯ ಚಿಗುರು. ತುಳಸವ್ವ ಆ ವಾರವೇ ತೀರಿಕೊಂಡಳು.

ಆಮೇಲೆ ಕೆಲವು ವರ್ಷಕ್ಕೆ ಗಾಲಿ ಬಂತು. ಹೊರಗಿನಿಂದ ಎತ್ತಿನ ಗಾಡಿಯಲ್ಲಿ ತಂದು, ನಾವು ಒಳಹೋಗುವ ಹಿತ್ತಲಬಾಗಿಲು ಸಾಲದೆ ಗೋಡೆ ಒಡೆದು ಒಳಗಿಟ್ಟು, ಮತ್ತೆ ಗೋಡೆ ಕಟ್ಟಿದರು. ಕಬ್ಬಿಣದ ಗಾಲಿ, ಒಂದು ಹಿಡಿಕೆ. ಮೇಲೆ ನವಣೆ ಸುರಿದು ಹಿಡಿಕೆ ಜಗ್ಗಿದರೆ ಕೆಳಗೆ ಪುಡಿ. ಹಾಡಿನ ಅರವತ್ತನಾಲ್ಕೂ ಸಾಲನ್ನು ಅದರ ಹಲ್ಲಿನಲ್ಲೇ ಕೊರೆದಿದ್ದಾರೆ ಎಂದರು. ನಾವು ಒಂದು ಹೊತ್ತು ಅರೆಯುವುದನ್ನು ಅದು ಒಂದು ಸೀನಿನಷ್ಟರಲ್ಲಿ ಅರೆಯಿತು. ಸರಿಯಾಗಿ ಅರೆಯುತ್ತದೆಯೇ ಎಂದು ಹಿರಿಯರು ಪರೀಕ್ಷೆ ಮಾಡಿದರು. ‘ಬೆಳಗಾಯಿತು, ಬಾಗಿಲು ತೆಗೆ’ ಎನ್ನುವ ಮಾತಿಗೆ ನಮ್ಮ ಕಲ್ಲಿನಲ್ಲಿ ಹಸಿ ಶುಂಠಿಯ ವಾಸನೆ ಬರುತ್ತಿತ್ತು, ಗಾಲಿಯಲ್ಲೂ ಶುಂಠಿಯೇ ಬಂತು. ಇನ್ನೂ ಹತ್ತಾರು ಮಾತು ಕೊಟ್ಟು ನೋಡಿದರು, ಎಲ್ಲವೂ ಹೊಂದಿದವು. ಎಲ್ಲವೂ ಸಣ್ಣ ಮಾತುಗಳೇ, ಬಿಸಿಲಿನಲ್ಲಿ ನಿಂತು ಉದ್ದ ಮಾತು ಹೇಳುವ ತಾಳ್ಮೆ ಯಾರಿಗಿತ್ತು? ಅಂದಿನಿಂದ ದಿನಾ ಮುಂಜಾನೆ ಗಾಲಿಗೆ ಮೊದಲು ‘ಬೆಳಗಾಯಿತು, ಬಾಗಿಲು ತೆಗೆ’ ಅರೆಸಿ, ಶುಂಠಿ ಬಂದಮೇಲೆಯೇ ಕಿಂಡಿ ತೆರೆಯುವ ಪದ್ಧತಿಯಾಯಿತು. ಬೀದಿಯಲ್ಲಿ ಹೋಗುವವರು ಶುಂಠಿಯ ವಾಸನೆ ಬಂದರೆ ‘ಗಾಲಿ ಎದ್ದಿತು’ ಎನ್ನುತ್ತಿದ್ದರು.

ಹಿಡಿಕೆ ಜಗ್ಗುವ ಕೆಲಸ ಮೋದಿನಸಾಬನಿಗೆ ಬಂತು. ಅವನು ಒಂದೇ ವಾರದಲ್ಲಿ ಮೀಸೆಗೆ ಎಣ್ಣೆ ಹಚ್ಚಲು ಶುರುಮಾಡಿದ. ನಮ್ಮನ್ನು ಮಾತ್ರ ಬಿಡಿಸಲಿಲ್ಲ, ಯಾಕೆಂದರೆ ಗಾಲಿ ಎಬ್ಬಿಸಲು ಎಣ್ಣೆ ಬಿಡಬೇಕು, ಪಟ್ಟಿ ಬಿಗಿಯಬೇಕು, ನಾಲ್ಕು ಸಲ ಬರಿದೇ ತಿರುಗಿಸಬೇಕು. ಒಂದು ಹಿಡಿಯ ಮಾತಿಗೆ ಅಷ್ಟೆಲ್ಲ ಮಾಡುವುದರೊಳಗೆ ನಮ್ಮ ಕಲ್ಲು ಅರೆದು ಮುಗಿಸುತ್ತಿತ್ತು. ಹಾಗಾಗಿ ಉದ್ದ ಮಾತೆಲ್ಲ ಗಾಲಿಗೆ, ಚಿಲ್ಲರೆ ಮಾತು ಕಲ್ಲಿಗೆ. ‘ಹಬ್ಬದ ಊಟ ಅದಕ್ಕ, ತಂಗಳು ನಮಗ,’ ಎಂದು ಸಾವಂತ್ರೆವ್ವ ಹತ್ತಿ ತೆಗೆದಿಟ್ಟು ಕೆಲಸ ಬಿಟ್ಟು ಮನೆಗೆ ಹೋದಳು. ಅವಳ ತೋಳಿಗೂ ಆಗ ನೋವು ಹಿಡಿದಿತ್ತು. ಉಳಿದ ಇಬ್ಬರಲ್ಲಿ ಒಬ್ಬಳು ಸತ್ತಳು, ಒಬ್ಬಳು ಮಗಳ ಊರಿಗೆ ಹೋದಳು. ಚಿಲ್ಲರೆ ಮಾತಿಗೆ ನಾನೊಬ್ಬಳೇ ಸಾಕಾದೆ.

ಹೀಗಿರುವಾಗ ದುಂಡಪ್ಪ ಬಂದ. ತುಳಸವ್ವನ ಒಡಹುಟ್ಟಿದ ಅಣ್ಣ, ಉಪ್ಪಿನ ಗಾಡಿ ಹೊಡೆದುಕೊಂಡು ದೂರದ ಸೀಮೆಯಲ್ಲಿದ್ದವನು. ತಂಗಿ ಸತ್ತದ್ದು ಅವನಿಗೆ ವರ್ಷಗಳ ಮೇಲೆ ತಿಳಿದಿತ್ತು. ಬಂದವನೇ ಇಂದ್ರವ್ವನ ಮನೆಯ ಮುಂದೆ ನಿಂತು ಪುತಳಿಯನ್ನು ಕೇಳಿದ. ಇಂದ್ರವ್ವ ಅವನ ಮುಖದ ಮೇಲೆ ಬಾಗಿಲು ಹಾಕಿಕೊಂಡಳು. ಅವನು ಕೂಗಾಡಲಿಲ್ಲ, ಬಾಗಿಲು ಒದೆಯಲಿಲ್ಲ. ನೆಟ್ಟಗೆ ಹಿರಿಯರ ಹತ್ತಿರ ಹೋದ.

‘ನನಗ ಮಕ್ಕಳಿಲ್ರಿ,’ ಎಂದ. ‘ನನ್ನ ರಕ್ತ ಅಂತ ಉಳಿದದ್ದು ಅದೊಂದ ಕೂಸು. ನನ್ನ ತಂಗಿ ಆಕೀನ್ನ ಖರೇನ ಇವರಿಗೆ ಕೊಟ್ಟಿದ್ರ ಆಕಿ ಮಾತು ಹೊಂದಸಿ ತೋರಸ್ರಿ. ಹೊಂದಿದ್ರ ನಾ ಬಂದ ದಾರಿ ಹಿಡಿತೀನಿ.’

ಇದರಲ್ಲಿ ಅನ್ಯಾಯವೇನಿತ್ತು? ಹಿರಿಯರು ಒಪ್ಪಿದರು. ಮಾತು ಪಡೆದವರಿಗೆ ಮೂರು ಸಲ ಹೇಳಲು ಅವಕಾಶ, ಮೂರೂ ಸಲ ಹೊಂದದಿದ್ದರೆ ಪುತಳಿ ಸೋದರಮಾವನ ಜೊತೆ ಹೋಗಬೇಕು. ಇಂದ್ರವ್ವ ನಗುತ್ತಲೇ ಬಂದಳು, ಪಾಪ. ಆ ಮಾತನ್ನು ಅವಳು ಹೇಳಿಕೊಳ್ಳದ ದಿನವಿರಲಿಲ್ಲ. ಮುಂಜಾನೆ ಕಟ್ಟೆಯ ಮೇಲೆ ಪುತಳಿಯ ತಲೆ ಬಾಚುವಾಗ ಅವಳ ತುಟಿ ಅಲ್ಲಾಡುವುದನ್ನು ಇಡೀ ಓಣಿ ನೋಡಿತ್ತು. ಕಂಬಳಿ ಹೊದ್ದು ನವಣೆಗೆ ಎಲ್ಲವನ್ನೂ ಹೇಳಿದಳು. ಉದ್ದ ಮಾತು, ಗಾಲಿಗೆ ಹೋಯಿತು. ಮೋದಿನಸಾಬ ಹಿಡಿಕೆ ಜಗ್ಗಿದ. ಪುಡಿ ಹೊಸ ಚರ್ಮದ ಚಪ್ಪಲಿಯ ವಾಸನೆ ಹೊಡೆಯಿತು. ನಾನು ಗೂಡಿನಿಂದ ಹಳೆಯ ಕರಡಿಗೆ ತಂದು ಮುಚ್ಚಳ ತೆಗೆದೆ, ಕಾದ ಹಂಚಿನ ಮಜ್ಜಿಗೆ. ಎರಡೂ ಹೊಂದಲಿಲ್ಲ.

ಎರಡನೆಯ ಸಲ ಹೇಳಿದಳು. ಮತ್ತೆ ಅದೇ ಚಪ್ಪಲಿ.

‘ನಾ ಒಂದಕ್ಷರಾನೂ ಬಿಟ್ಟಿಲ್ರಿ,’ ಎಂದಳು ಇಂದ್ರವ್ವ. ‘ದೇವರಾಣಿ ಬಿಟ್ಟಿಲ್ಲ. ಎಲ್ಲಿ ತಪ್ಪೀನಂತ ನೀವ ಹೇಳ್ರಿ.’

‘ಗಾಲಿ ತಪ್ಪೂದಿಲ್ಲವಾ,’ ಎಂದ ಮೋದಿನಸಾಬ. ಅವನ ಮುಖದಲ್ಲಿ ಜಂಬವೇನೂ ಉಳಿದಿರಲಿಲ್ಲ. ‘ಮುಂಜಾನಿ ಶುಂಠಿ ಬಂದದ್ದು ನೀನೂ ಮೂಸೀದಿ. ಮನಿಗೆ ಹೋಗಿ ಸಾವಕಾಶ ನೆನಪ ಮಾಡ್ಕೊ. ನಾಳೆ ಇನ್ನೊಂದ ಸಲ ಐತಲ್ಲ.’

ಊರು ತನ್ನ ತೀರ್ಮಾನವನ್ನು ಆಗಲೇ ಮಾಡಿತ್ತು: ಇಂದ್ರವ್ವ ಎಲ್ಲೋ ಮರೆತಿದ್ದಾಳೆ, ಮರೆತದ್ದು ಅವಳಿಗೇ ಗೊತ್ತಿಲ್ಲ. ನನಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಮರೆತವರು ಎರಡನೆಯ ಸಲ ಬೇರೆ ಏನಾದರೂ ಹೇಳುತ್ತಾರೆ, ವಾಸನೆ ಬದಲಾಗುತ್ತದೆ. ಅವಳದು ಎರಡೂ ಸಲ ಒಂದೇ ಬಂದಿತ್ತು. ಈ ಸಂಕಟವನ್ನು ಎತ್ತಿಕೊಂಡು ನಾನು ಸಾವಂತ್ರೆವ್ವನ ಮನೆಗೆ ಹೋದೆ.

ಅವಳು ಪಡಸಾಲೆಯಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತಿದ್ದಳು. ತೋಳು ನೋಯುತ್ತದೆ ಎಂದು ಅಳುವುದು, ಬೀಸುವುದನ್ನು ಬಿಡದಿರುವುದು, ಎರಡೂ ಅವಳದೇ. ನಾನು ಎಲ್ಲ ಹೇಳಿದೆ.

‘ಮರತಿರಬೇಕು ಬಿಡ ಫಕೀರಿ,’ ಎಂದಳು. ‘ಮನಶ್ಯಾ ಮರೀತಾನ. ಕಲ್ಲ ಮರೀತೈತೇನು?’

ನನಗೆ ಸಿಟ್ಟು ಬಂತು, ಆದರೆ ಅವಳ ತೋಳು ಸೋತದ್ದನ್ನು ನೋಡಿ ‘ಸರಿ ಅತ್ಲಾಗ’ ಎಂದು ಬೀಸುಕಲ್ಲಿನ ಗೂಟಕ್ಕೆ ಕೈ ಹಾಕಿದೆ. ಅವಳು ಬೀಸುವಾಗಲೂ ತಿರುಳುಮನೆಯ ಹಾಡನ್ನೇ ಹಾಡುತ್ತಿದ್ದಳು, ಬೇರೆ ಹಾಡು ಅವಳಿಗೆ ಬರುತ್ತಲೂ ಇರಲಿಲ್ಲ. ಹಾಡಿನ ಕೊನೆಯ ಸಾಲಿಗೆ ಬಂದಿದ್ದಳು. ‘ಹೊಕ್ಕದ್ದು ತಿಳೀಲಿಲ್ಲ ಹೊಂಟದ್ದು ತಿಳೀಲಿಲ್ಲ ತಿರಗವ್ವ ನನ ಕಲ್ಲೇ’ ಎಂದು ಹಾಡಿ ಮುಗಿಸಿದಳು. ನಾನು ಗೂಟ ಹಿಡಿದೆ, ಅವಳ ಕೈ ಇನ್ನೂ ಬಿಟ್ಟಿರಲಿಲ್ಲ. ಇಬ್ಬರೂ ಕೂಡಿ ಮತ್ತೆ ‘ಹೊಕ್ಕದ್ದು ತಿಳೀಲಿಲ್ಲ’ ಹಾಡಿದೆವು, ಕಲ್ಲು ಇನ್ನೊಂದು ಸುತ್ತು ತಿರುಗಿತು. ಆಮೇಲೆ ಅವಳು ಕೈ ಬಿಟ್ಟಳು.

ನಾನು ಕಲ್ಲು ನಿಲ್ಲಿಸಿದೆ.

‘ಅಕ್ಕಾ, ಆ ಸಾಲು ಎರಡು ಸಲ ಯಾಕ ಹಾಡಿದ್ವಿ?’

‘ಕೈ ಬದಲಸುವಾಗ ಹಂಗ ಹಾಡೂದು. ಕಿವ್ಯಾಗ ಹತ್ತಿ ಇಟಗೊಂಡಾಕಿಗೆ ಎಲ್ಲಿಂದ ಹಿಡೀಬೇಕಂತ ಹೆಂಗ ತಿಳೀಬೇಕು? ತುಟಿ ತೋರಿಸಿ, ಕೂಡಿ ಹಾಡಿ, ಆಮ್ಯಾಲ ಬಿಡೂದು. ನನಗ ಕಲಿಸಿದಾಕಿನೂ ಹಂಗ ಮಾಡತಿದ್ಲು...’ ಎನ್ನುತ್ತಾ ಎನ್ನುತ್ತಾ ಅವಳ ಬಾಯಿ ನಿಂತಿತು.

ಹತ್ತಿಯಿಟ್ಟ ಕಿವಿಗೆ ಇಷ್ಟು ವರ್ಷ ಅದು ಕೇಳಿಸಿರಲಿಲ್ಲ. ಒಂದೇ ಒರಳಿನ ಮಾತಿಗೆ ಕೈ ಬದಲಿಸುವ ಪ್ರಶ್ನೆಯೇ ಇಲ್ಲ, ಅದಕ್ಕೇ ಶುಂಠಿ ಶುಂಠಿಯಾಗಿಯೇ ಬರುತ್ತಿತ್ತು. ಉದ್ದ ಮಾತಿಗೆ ಮಾತ್ರ ಒರಳಿಂದ ಒರಳಿಗೆ ಒಂದೊಂದು ಸುತ್ತು ಹೆಚ್ಚು ಅರೆಯುತ್ತ ಬಂದಿದ್ದೆವು, ಅಜ್ಜಿ ಮುತ್ತಜ್ಜಿಯರ ಕಾಲದಿಂದ. ಗಾಲಿ ಕೈ ಬದಲಿಸುವುದಿಲ್ಲ, ಅದು ಹಾಡಿನಲ್ಲಿ ಇದ್ದಷ್ಟೇ ಸುತ್ತು ಅರೆಯುತ್ತದೆ. ತಪ್ಪು ಗಾಲಿಯದಲ್ಲ, ಇಂದ್ರವ್ವನದೂ ಅಲ್ಲ.

ಸಾವಂತ್ರೆವ್ವ ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಒಂದು ಸುತ್ತಿಗಾಗಿ ಎಷ್ಟು ಹುಡುಗಿಯರ ಬೆನ್ನಿಗೆ ಹೊಡೆದಿದ್ದಳೋ. ನನಗೆ ಅವಳ ಮುಖ ನೋಡಲಾಗಲಿಲ್ಲ. ‘ಯಾರಿಗೂ ಹೇಳೂದು ಬ್ಯಾಡ ಅಂದ್ರ ನಾ ಹೇಳೂದಿಲ್ಲ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಪುತಳಿ ನೆನಪಾದಳು.

‘ಏಳ,’ ಎಂದಳು ಸಾವಂತ್ರೆವ್ವ. ‘ನನ್ನ ಹೊಸಾ ಸೀರಿ ತಗಿ. ಮಂದ್ಯಾಗ ಮಾನ ಕಳಕೊಳ್ಳಾಕ ಹೊಂಟೀನಿ, ಹರಕ ಸೀರ್‍ಯಾಗ ಯಾಕ ಹೋಗ್ಲಿ?’

ಮರುದಿನ ಕಿಂಡಿಯ ಮುಂದೆ ಊರೇ ನೆರೆದಿತ್ತು. ಹಿರಿಯರು, ಒಂದು ಬದಿಗೆ ದುಂಡಪ್ಪ, ಇನ್ನೊಂದು ಬದಿಗೆ ಪುತಳಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ ಇಂದ್ರವ್ವ. ಸಾವಂತ್ರೆವ್ವ ಕಿಂಡಿಯೊಳಗಿಂದ ಮುಖ ಹೊರಗೆ ಹಾಕಿದಳು.

‘ಗಾಲಿ ತಪ್ಪಿಲ್ರಿ, ಇಂದ್ರವ್ವನೂ ತಪ್ಪಿಲ್ಲ,’ ಎಂದಳು. ‘ತಪ್ಪ ನಂದು.’ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಮಂದಿಯಲ್ಲಿ ಗದ್ದಲವೆದ್ದಿತು. ಹಿರಿಯರಲ್ಲೊಬ್ಬರು ಕೈಯೆತ್ತಿ ಸುಮ್ಮನಾಗಿಸಿದರು.

‘ಹಂಗಾರ ಕಲ್ಲಿನ ಕಾಲದ ಉದ್ದ ಮಾತೆಲ್ಲಾ ಸುಳ್ಳಾದಂಗಲ್ಲೇನವಾ?’

‘ಸುಳ್ಳ ಹೆಂಗಾಗತಾವ ಯಜಮಾನ್ರ? ತಪ್ಪೀನಿ ಖರೆ, ದಿನಾ ಅದ ತಪ್ಪ ತಪ್ಪೀನಿ. ಸಾವಕಾರಗೂ ಅಷ್ಟ ಸುತ್ತು, ಬಡವಗೂ ಅಷ್ಟ ಸುತ್ತು. ಹೊಸಾ ಮಾತು ಗಾಲಿಗೆ ಕೊಡ್ರಿ. ಹಳೇ ಮಾತು ಹಳೇ ತಪ್ಪಿನಾಗ ಅರೀಬೇಕು, ಇಲ್ಲಂದ್ರ ಅದು ನ್ಯಾಯ ಅಲ್ಲ.’

ಹಿರಿಯರು ದುಂಡಪ್ಪನ ಮುಖ ನೋಡಿದರು. ‘ಅರೀಲ್ರಿ,’ ಎಂದ ಅವನು. ‘ನನಗ ನನ್ನ ತಂಗಿ ಮಾತು ಬೇಕು. ಕಲ್ಲಿನಾಗರ ಬರಲಿ, ಗಾಲ್ಯಾಗರ ಬರಲಿ.’

ಇಂದ್ರವ್ವ ಕಂಬಳಿ ಹೊದ್ದು ಕೊನೆಯ ಸಲ ಹೇಳಿದಳು. ನಾನೂ ಸಾವಂತ್ರೆವ್ವನೂ ಕಿವಿಗೆ ಹತ್ತಿ ತುರುಕಿಕೊಂಡೆವು. ಮೊದಲ ಒರಳು ಅವಳದು, ಅಂದು ಹಾಗೇ ಇತ್ತು. ಅದು ದಾಟಿತು, ಕೊನೆಯ ಸಾಲನ್ನು ಕೂಡಿ ಹಾಡಿದೆವು, ನಾನು ಹಿಡಿದೆ. ಮೂರನೆಯದು ಅವಳದು, ಐದನೆಯದು ಅವಳದು. ಐದನೆಯದರ ನಡುವೆ ಅವಳ ತೋಳು ನಿಲ್ಲತೊಡಗಿತು. ನಾನು ನೆರವಿಗೆ ಕೈ ಚಾಚಿದರೆ ಕಣ್ಣಲ್ಲೇ ಗದರಿದಳು. ನಾನು ಮುಟ್ಟಿದರೆ ಅಲ್ಲೊಂದು ಕೈಬದಲು, ಅಲ್ಲಿಗೆ ಎಲ್ಲ ಹಾಳು. ಕಲ್ಲಿಗೆ ಎದೆ ಆನಿಸಿ, ಮೈಯನ್ನೇ ತಿರುಗಿಸಿ ಸುತ್ತಿದಳು ಆ ಮುದುಕಿ. ಬೆವರು ಒರಳಿಗೆ ಬೀಳಬಾರದೆಂದು ಮೋದಿನಸಾಬ ಹಿಂದೆ ನಿಂತು ತನ್ನ ಹೆಗಲ ವಸ್ತ್ರದಿಂದ ಅವಳ ಹಣೆ ಒರೆಸುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಕೊನೆಯ ಒರಳು ತುಂಬಲಿಲ್ಲ, ಉಪ್ಪು ಹಾಕಿ ನಾನೇ ಮುಗಿಸಿದೆ.

ಮುಚ್ಚಳ ತೆಗೆಯುವ ಮೊದಲೇ ನನಗೆ ಗೊತ್ತಾಯಿತು. ಕಾದ ಹಂಚಿನ ಮಜ್ಜಿಗೆ, ಹಿಂದೆ ಹುಣಸೆಯ ಚಿಗುರು. ಎರಡೂ ಕರಡಿಗೆಯನ್ನು ಕಿಂಡಿಯಿಂದ ಹೊರಗೆ ಕೊಟ್ಟೆವು. ಹಿರಿಯರು ಮೂಸಿದರು, ಮಂದಿ ಮೂಸಿದರು, ಇಂದ್ರವ್ವ ಮೂಸಿ ಪುತಳಿಯನ್ನು ಅಪ್ಪಿಕೊಂಡು ನೆಲಕ್ಕೆ ಕುಸಿದಳು. ನಾನು ಹತ್ತಿ ಕಿತ್ತೆಸೆದು ಕಿಂಡಿಯಲ್ಲಿ ಮುಖ ಇಟ್ಟೆ. ನನಗೆ ಆ ಗದ್ದಲವನ್ನು ಕೇಳಬೇಕಾಗಿತ್ತು.

ದುಂಡಪ್ಪ ಕೊನೆಗೆ ಮೂಸಿದ. ಒಂದನ್ನು ಮೂಸಿದ, ಇನ್ನೊಂದನ್ನು ಮೂಸಿದ, ಮತ್ತೆ ಮೊದಲನೆಯದನ್ನು ಮೂಸಿದ. ‘ಹೊಂದೇತಿ,’ ಎಂದ. ‘ನಾ ಒಪ್ಪಿದೆ.’ ಆದರೆ ಕರಡಿಗೆಯನ್ನು ಕೈಯಿಂದ ಇಳಿಸಲಿಲ್ಲ. ‘ಇದರಾಗ ನನ್ನ ತಂಗಿ ಎಲ್ಲಿದಾಳ್ರಿ? ಬರೇ ಮಜ್ಜಿಗಿ ವಾಸನಿ ಐತಿ. ಆಕಿ ಏನಂದ್ಲು?’

ಅದನ್ನು ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಇಂದ್ರವ್ವ ನೆಲದಿಂದ ಎದ್ದಳು. ಅವಳು ಬಾಯಿ ತೆರೆದದ್ದು ಕಂಡು ಮೋದಿನಸಾಬ ನನ್ನ ಹೆಗಲ ಮೇಲಿಂದ ಕೂಗಿದ: ‘ಬ್ಯಾಡ ತಂಗಿ! ಬಾಯಿಬಿಟ್ಟು ಹೇಳಿದ್ರ ಮಾತ ಸತ್ತಂಗ. ನಾಳೆ ಯಾರ ಬೇಕಾದ್ರೂ ಅದನ್ನ ನವಣಿಗೆ ಹೇಳಿ ಹೊಂದಸ್ತಾರ. ಇಂವಾನೂ ಹೊಂದಸ್ತಾನ. ಕೂಸ ನಿಂದು ಅನ್ನಾಕ ನಿನ್ನ ಕಡೆ ಏನೂ ಉಳಿಯೂದಿಲ್ಲ!’

ಇಂದ್ರವ್ವ ಅವನತ್ತ ತಿರುಗಿಯೂ ನೋಡಲಿಲ್ಲ. ಪುತಳಿಯ ತಲೆಯ ಮೇಲೆ ಕೈಯಿಟ್ಟುಕೊಂಡು, ದಿನಾ ಗುನುಗಿ ಸವೆದ ಅದೇ ರಾಗದಲ್ಲಿ, ಬೀದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳತೊಡಗಿದಳು. ಅಷ್ಟು ವರ್ಷ ಅರೆದರೂ ನಾನು ಒಂದು ಮಾತನ್ನೂ ಕಿವಿಯಿಂದ ಕೇಳಿದವಳಲ್ಲ. ಅದೇ ಮೊದಲು.

‘ತುಳಸವ್ವ ಹೇಳೂದು. ಪುತಳಿನ್ನ ಇಂದ್ರವ್ವಗ ಕೊಟ್ಟೀನಿ. ಪುತಳಿ ಮಗ್ಗಲದವರ ಕಿವಿ ಹಿಡಕೊಂಡ ಮಲಗತಾಳ, ಜಗ್ಗಿದ್ರ ನೋಯತೈತಿ, ಬಿಡಸಬ್ಯಾಡ. ಕೋಳಿಗೆ ಅಂಜತಾಳ, ನಗಬ್ಯಾಡ. ಹಾಲ ಕೆನಿ ತಗದ ಕೊಡು. ಸುಳ್ಳ ಹೇಳಿದ್ರ ಎಡಗಣ್ಣ ಮಿಟಕತಾಳ, ಗೊತ್ತಾದ್ರೂ ಒಮ್ಮೊಮ್ಮೆ ಗೊತ್ತಾಗಲಾರದಂಗಿರು. ನನ್ನ ಹಸರ ಸೀರಿ ಆಕಿಗೆ ದುಪ್ಪಟಿ ಮಾಡು. ನಾ ಹೆಂಗಿದ್ದೆ ಅಂತ ಕೇಳಿದ್ರ ಚಂದ ಇದ್ಲು ಅಂತ ಹೇಳು...’

ಹೀಗೇ ಸಾಗಿತು, ಒಬ್ಬ ತಾಯಿಗೆ ತಿಳಿದದ್ದೆಲ್ಲ. ಪುತಳಿ ತನ್ನ ಎಡಗಣ್ಣಿನ ಮಾತಿಗೆ ನಕ್ಕು, ಆಮೇಲೆ ಅಳತೊಡಗಿದಳು. ದುಂಡಪ್ಪ ತಲೆ ತಗ್ಗಿಸಿ ನಿಂತಿದ್ದ. ಇಂದ್ರವ್ವನ ಧ್ವನಿ ಕೊನೆಗೆ ಬಂದು ಸಣ್ಣದಾಯಿತು.

‘...ನಮ್ಮಣ್ಣ ದುಂಡಪ್ಪ ಸಿಟ್ಟಿಲೆ ಉಣ್ಣೂ ತಾಟ ಬಿಟ್ಟ ಎದ್ದ ಹೋಗ್ಯಾನ. ತಪ್ಪ ನಂದ ಇತ್ತೋ ಅವಂದ ಇತ್ತೋ, ಹಸದ ಹೋದ. ಎಂದರ ಬಂದ್ರ ಉಣ್ಣಸಲಾರದ ಕಳಸಬ್ಯಾಡ. ಇಷ್ಟ ತುಳಸವ್ವನ ಮಾತು.’

ದುಂಡಪ್ಪ ಕರಡಿಗೆಗಳನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಗಂಡಸರು ಮಂದಿಯಲ್ಲಿ ಅಳಬಾರದ ಹಾಗೆ ಅತ್ತ.

‘ಬಂದ ದಿನಾನ ಕರೀಬೇಕಾಗಿತ್ತಣ್ಣಾ,’ ಎಂದಳು ಇಂದ್ರವ್ವ. ‘ಕೂಸ ಕೈಬಿಟ್ಟ ಹೋಗತಾಳಂತ ಅಂಜಿ ಬಾಗಲಾ ಹಾಕ್ಕೊಂಡೆ. ಆಕಿ ಮಾತಿನಾಗ ಇದೊಂದ ನಡಸಿಲ್ಲ ನಾ. ನಡಿ ಮನಿಗೆ.’

ನಾನೂ ಸಾವಂತ್ರೆವ್ವನನ್ನು ನಡೆಸಿಕೊಂಡು ಅವರ ಹಿಂದೆಯೇ ಹೋದೆ, ಕರೆಯದಿದ್ದರೂ. ಇಂದ್ರವ್ವ ಬಿಸಿ ರೊಟ್ಟಿ ಬಡಿದಳು, ಪುತಳಿ ತಾಟು ತಂದಿಟ್ಟು ಬಡಿಸಿದಳು. ದುಂಡಪ್ಪ ತಾಟನ್ನು ಹತ್ತಿರ ಎಳೆದುಕೊಂಡ. ಆಮೇಲೆ ಮುರಿದು ಬಾಯಿಗಿಟ್ಟ. ಪಲ್ಯ ಮುಗಿಸಿದ, ರೊಟ್ಟಿ ಮುಗಿಸಿದ. ಇನ್ನು ಅವನು ಎದ್ದುಬಿಡುತ್ತಾನೆ ಎಂದು ನಾವೆಲ್ಲ ಅಂದುಕೊಂಡೆವು.

‘ಸಾಕೇನ ಮಾಮಾ?’ ಎಂದು ಕೇಳಿದಳು ಪುತಳಿ.

‘ಇನ್ನೊಂದ ಹಾಕವಾ,’ ಎಂದ ಅವನು.